ಒಂದು ಕಡೆ ‘ಫೇಲ್’ ಆದ ಬ್ಯಾಚ್ ಪಕ್ಕದ ಊರಲ್ಲಿ ಮಾರಾಟ ಏಕೆ?

ಮಾನ್ಯ ಸಂಪಾದಕರೇ,

ಪರೀಕ್ಷೆಯಲ್ಲಿ ಫೇಲ್ ಆದ ಔಷಧಗಳ ಪಟ್ಟಿಯನ್ನು ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಹೊರಡಿಸುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವುದು ಗುಳಿಗೆಯ ಹೆಸರು ಮತ್ತು ಒಟ್ಟು ಸಂಖ್ಯೆ ಅಷ್ಟೆ. ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವರು ‘ಪ್ಯಾರಾಸಿಟಮಾಲ್ ಬಂದ್ ಮಾಡ್ಯಾರಂತಲ್ರಿ?’ ಎಂದು ಕೇಳುತ್ತಾರೆ. ಬಂದ್ ಆಗಬೇಕಾದ್ದು ಒಬ್ಬ ತಯಾರಕರ ಒಂದು ಬ್ಯಾಚ್, ಅಂದರೆ ಒಮ್ಮೆಗೆ ತಯಾರಾದ ಮಾಲು. ಅದರ ನಂಬರ್ ಮಾತ್ರ ಸುದ್ದಿಯಲ್ಲಿ ಇರುವುದಿಲ್ಲ.

ಗಡಿಭಾಗದಲ್ಲಿ ಇದಕ್ಕಿಂತ ದೊಡ್ಡ ತೊಡಕಿದೆ. ಕಾಗವಾಡ, ಅಥಣಿಯ ರೋಗಿಗಳು ಮಿರಜ್‌ಗೆ ಹೋಗುತ್ತಾರೆ, ಇಂಡಿ, ಚಡಚಣದವರು ಸೊಲ್ಲಾಪುರಕ್ಕೆ. ಬರುವಾಗ ತಿಂಗಳ ಔಷಧ ಚೀಲದಲ್ಲೇ ಇರುತ್ತದೆ. ಆದರೆ ಡ್ರಗ್ ಇನ್‌ಸ್ಪೆಕ್ಟರ್ ಅಧಿಕಾರ ರಾಜ್ಯದ ಗಡಿಕಲ್ಲಿಗೇ ಮುಗಿಯುತ್ತದೆ.

ಅಂಗಡಿಯಿಂದ ತೆಗೆದ ಮಾದರಿಯನ್ನು ಅಂಗಡಿಯವರ ಎದುರೇ ನಾಲ್ಕು ಭಾಗ ಮಾಡಿ ಸೀಲ್ ಹಾಕಬೇಕು: ಒಂದು ಅಂಗಡಿಗೆ, ಒಂದು ಸರ್ಕಾರಿ ವಿಶ್ಲೇಷಕರಿಗೆ, ಒಂದು ಕೋರ್ಟಿಗೆ, ಒಂದು ತಯಾರಕರಿಗೆ. ವಿಶ್ಲೇಷಕರ ವರದಿಗೆ ನಿಯಮ ಕೊಟ್ಟಿರುವ ಗಡುವು 60 ದಿನ. ಸಲೈನ್, ಇಂಜೆಕ್ಷನ್‌ಗಳಲ್ಲಿ ಸೂಕ್ಷ್ಮಜೀವಿ ಇದೆಯೇ ಎಂದು ನೋಡುವ ಸ್ಟೆರಿಲಿಟಿ ಪರೀಕ್ಷೆಯೊಂದಕ್ಕೇ ಮಾದರಿಯನ್ನು 14 ದಿನ ಇನ್‌ಕ್ಯುಬೇಟರಿನಲ್ಲಿ ಇಡಬೇಕು. ಅಲ್ಲಿ ಅವಸರ ನಡೆಯುವುದಿಲ್ಲ. ಚೆನ್ನಾಗಿ ಓಡುವ ಮಾಲು ಅಷ್ಟರಲ್ಲಿ ಖಾಲಿಯಾಗಿರುತ್ತದೆ.

ಇನ್ನು ‘ಪಾಸ್’ ಎಂಬ ಪದದ ಬೆಲೆ ನೋಡಿ. ಸಾವಿರಾರು ಬಾಟಲಿಗಳ ಬ್ಯಾಚಿನಿಂದ ಸ್ಟೆರಿಲಿಟಿ ಪರೀಕ್ಷೆಗೆ ಹೋಗುವುದು ಹತ್ತೋ ಇಪ್ಪತ್ತೋ. ನೂರಕ್ಕೆ ಒಂದು ಬಾಟಲಿ ಕೆಟ್ಟಿದೆ ಎಂದುಕೊಳ್ಳಿ. 20 ಬಾಟಲಿ ತೆಗೆದರೆ 100ರಲ್ಲಿ ಸುಮಾರು 82 ಸಲ ಕೆಟ್ಟದ್ದು ಒಂದೂ ಕೈಗೆ ಸಿಗುವುದಿಲ್ಲ, ವರದಿ ‘ಪಾಸ್’ ಎಂದೇ ಬರುತ್ತದೆ. ಕರ್ನಾಟಕ, ಮಹಾರಾಷ್ಟ್ರ, ಗೋವಾ ಮೂರೂ ರಾಜ್ಯಗಳು ಅದೇ ಬ್ಯಾಚಿನಿಂದ ತಲಾ 20 ತೆಗೆದು ಫಲಿತಾಂಶ ಒಟ್ಟಿಗೆ ಇಟ್ಟರೆ ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ 18ರಿಂದ 45ಕ್ಕೆ ಏರುತ್ತದೆ. ಹೊಸ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಒಬ್ಬರ ವರದಿ ಇನ್ನೊಬ್ಬರ ಮೇಜಿಗೆ ಬಂದರೆ ಸಾಕು.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ಸಲೈನ್ ಮೇಲೆ ಅನುಮಾನ ಬಂತು. ರಾಜ್ಯದ ಪ್ರಯೋಗಾಲಯ ಫೇಲ್ ಎಂದಿದ್ದ ಕೆಲವು ಬ್ಯಾಚ್‌ಗಳು ಕೇಂದ್ರದ ಪ್ರಯೋಗಾಲಯದಲ್ಲಿ ಪಾಸ್ ಆಗಿದ್ದವು. ಯಾರದು ಸುಳ್ಳು ಎಂಬ ಜಗಳವೇ ದೊಡ್ಡದಾಯಿತು. ಮೇಲಿನ ಲೆಕ್ಕ ಬಲ್ಲವರಿಗೆ ಎರಡೂ ನಿಜವಾಗಿರಬಹುದು ಎಂಬುದು ಗೊತ್ತು. ಒಂದು ಕಡೆಯ ‘ಪಾಸ್’ ಇನ್ನೊಂದು ಕಡೆಯ ‘ಫೇಲ್’ ಅನ್ನು ಅಳಿಸಬಾರದು. ಕರ್ನಾಟಕ ಆ ತಯಾರಕರನ್ನು ಕಪ್ಪುಪಟ್ಟಿಗೆ ಸೇರಿಸಿತು. ಆದರೂ 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರದಲ್ಲಿ ಬಾಣಂತಿಯೊಬ್ಬರು ಸತ್ತಾಗ ಅದೇ ತಯಾರಕರ ಸಲೈನ್ ಆಸ್ಪತ್ರೆಯಲ್ಲಿ ಬಳಕೆಯಲ್ಲಿತ್ತು ಎಂಬುದು ಹೊರಬಿತ್ತು.

ಇದಕ್ಕೆ ವ್ಯತಿರಿಕ್ತ ಉದಾಹರಣೆಯೂ ಇದೆ. 2025ರ ಅಕ್ಟೋಬರ್ 1ರಂದು ಮಧ್ಯಪ್ರದೇಶದಿಂದ ಕೆಮ್ಮಿನ ಸಿರಪ್ ಬಗ್ಗೆ ಪತ್ರ ಬಂದ ತಕ್ಷಣ ತಮಿಳುನಾಡಿನ ಅಧಿಕಾರಿಗಳು ಕಾಂಚೀಪುರಂ ಘಟಕಕ್ಕೆ ಹೋಗಿ ಮಾದರಿ ತೆಗೆದರು. ಒಂದೆರಡು ದಿನದಲ್ಲೇ ವರದಿ ಬಂತು: ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷ 48.6%. ಇರಬಹುದಾದ ಮಿತಿ 0.1%. ಆ ಸಿರಪ್ ಕುಡಿದು ಸತ್ತ ಮಧ್ಯಪ್ರದೇಶದ ಛಿಂದ್ವಾಡಾದ ಮಕ್ಕಳಿಗೆ ಅದು ತಡವಾಯಿತು, ಏಕೆಂದರೆ ಆ ಪತ್ರವೇ ತಡವಾಗಿ ಹೋಗಿತ್ತು.

ಇದೇ ವಿಷದ ಸುದ್ದಿ 2022ರಲ್ಲಿ ಗ್ಯಾಂಬಿಯಾದಿಂದ ಬಂದಿತ್ತು. ಅಲ್ಲಿ ಸುಮಾರು 70 ಮಕ್ಕಳ ಸಾವಿಗೆ ಭಾರತದಲ್ಲಿ ತಯಾರಾದ ಸಿರಪ್‌ಗಳ ನಂಟಿತ್ತು. ಆ ದೇಶದಲ್ಲಿ ಔಷಧ ಪರೀಕ್ಷಿಸುವ ಪ್ರಯೋಗಾಲಯವೇ ಇರಲಿಲ್ಲ, ಮಾದರಿ ಹೊರದೇಶಕ್ಕೆ ಹೋಗಬೇಕಾಯಿತು. ಆಮೇಲೆ ನಮ್ಮ ಸರ್ಕಾರ 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಲ್ಯಾಬ್ ವರದಿ ಕಡ್ಡಾಯ ಮಾಡಿತು. ರಫ್ತಿನ ಬಾಟಲಿಗೆ ಮಾತ್ರ!

ಹೀಗೆ ಒಬ್ಬರಿಂದಲೇ ಆಗದ ಕೆಲಸ ಹಂಚಿಕೊಳ್ಳಲು ಆಫ್ರಿಕಾದ ಕೆಲವು ದೇಶಗಳು ದಾರಿ ಕಂಡುಕೊಂಡಿವೆ. ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್‌ವಾನಾ, ನಮೀಬಿಯಾ 2013ರಲ್ಲಿ ‘ಜಾಜಿಬೋನಾ’ ಎಂಬ ಒಕ್ಕೂಟ ಕಟ್ಟಿಕೊಂಡವು. ಹೊಸ ಔಷಧದ ಕಡತವನ್ನು ಒಂದು ದೇಶದ ತಜ್ಞರು ನೋಡುತ್ತಾರೆ, ಇನ್ನೊಂದು ದೇಶದವರು ಅದನ್ನು ಮರುಪರಿಶೀಲಿಸುತ್ತಾರೆ, ಬಳಿಕ ಎಲ್ಲರೂ ಕೂತು ಚರ್ಚಿಸುತ್ತಾರೆ. ಕಾರ್ಖಾನೆ ತಪಾಸಣೆಗೂ ಜಂಟಿ ತಂಡವೇ. ಪರವಾನಗಿ ಕೊಡುವ, ಬಿಡುವ ಹಕ್ಕು ಆಯಾ ದೇಶದ್ದೇ ಆಗಿ ಉಳಿದಿದೆ. ನಾಲ್ಕು ದೇಶಗಳಿಗೆ ಆದದ್ದು ಒಂದೇ ಕಾಯ್ದೆಯಡಿ ಇರುವ ಮೂರು ರಾಜ್ಯಗಳಿಗೆ ಆಗದೇ?

ಗಡಿ ವಿವಾದ ಸುಪ್ರೀಂ ಕೋರ್ಟ್‌ನಲ್ಲಿ ಇರಲಿ. ಬೆಳಗಾವಿ, ವಿಜಯಪುರದ ಔಷಧ ನಿಯಂತ್ರಣ ಕಚೇರಿಗಳು ಕೊಲ್ಲಾಪುರ, ಸಾಂಗ್ಲಿ, ಸೊಲ್ಲಾಪುರ ಹಾಗೂ ಗೋವಾದ ಕಚೇರಿಗಳೊಂದಿಗೆ ಒಂದು ಪುಟದ ನಮೂನೆ ಒಪ್ಪಿಕೊಳ್ಳಲಿ. ಅದರಲ್ಲಿ ಔಷಧ, ತಯಾರಕರು, ಲೈಸೆನ್ಸ್ ನಂಬರ್, ಬ್ಯಾಚ್, ತಯಾರಿಕೆ ಮತ್ತು ಎಕ್ಸ್‌ಪೈರಿ ದಿನಾಂಕ, ಯಾವ ಪರೀಕ್ಷೆಯಲ್ಲಿ ಫೇಲ್, ಯಾವ ಸ್ಟಾಕಿಸ್ಟ್‌ನಿಂದ (ಸಗಟು ವ್ಯಾಪಾರಿಯಿಂದ) ಬಂದದ್ದು, ಇಷ್ಟಿದ್ದರೆ ಸಾಕು. ಸ್ಟೆರಿಲಿಟಿ ಅಥವಾ ವಿಷದ ಅಂಶದಲ್ಲಿ ಫೇಲ್ ಆದರೆ ಅದೇ ದಿನ ಹೋಗಬೇಕು, ಗುಳಿಗೆ ಸರಿಯಾಗಿ ಕರಗಲಿಲ್ಲ ಎಂಬಂಥದ್ದು ಮೂರು ದಿನದಲ್ಲಿ. ಪತ್ರದ ತಲೆಬರಹ ‘ತಡೆಹಿಡಿಯಿರಿ’ ಎಂದಿರಲಿ. ‘ಕಳಪೆ’ ಎಂದು ಬರೆದರೆ ತಯಾರಕರು ಕೋರ್ಟಿಗೆ ಹೋಗುತ್ತಾರೆಂಬ ಹೆದರಿಕೆಗೆ ಅಧಿಕಾರಿಗಳು ಕಳಿಸಲು ಹಿಂಜರಿಯಬಹುದು. ಪತ್ರ ತಲುಪಿದ ಮೇಲಿನ ಕೆಲಸ ಸುಲಭ: ಆ ಬ್ಯಾಚ್ ಯಾವ ಯಾವ ಅಂಗಡಿಗೆ ಹೋಗಿದೆ ಎಂಬ ಪಟ್ಟಿ ಸ್ಟಾಕಿಸ್ಟ್‌ರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಸಿಗುತ್ತದೆ.

ಈ ಕೊಂಡಿ ಕಳಚುವುದು ಚಿಲ್ಲರೆ ಅಂಗಡಿಯಲ್ಲಿ, ಅದು ನಮ್ಮ ವೃತ್ತಿಯವರದೇ ತಪ್ಪು. ಸಾಮಾನ್ಯವಾಗಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇರುವುದು ಸ್ಟ್ರಿಪ್ಪಿನ ಒಂದು ತುದಿಯಲ್ಲಿ. ಆ ತುದಿಯಿಂದ ಕತ್ತರಿ ಹಾಕಿದರೆ ಉಳಿದ ಗುಳಿಗೆಗಳಿಗೆ ಗುರುತೇ ಇಲ್ಲ, ಯಾವ ರಾಜ್ಯದ ಎಚ್ಚರಿಕೆ ಬಂದರೂ ಹುಡುಕಲಾಗದು. ಇನ್ನೊಂದು ತುದಿಯಿಂದ ಕತ್ತರಿಸಿ, ಬಿಲ್ಲಿನಲ್ಲಿ ಬ್ಯಾಚ್ ನಂಬರ್ ನಮೂದಿಸಬೇಕು. ಗ್ರಾಹಕರು ಆ ಬಿಲ್ಲು ಕೇಳಿ ಪಡೆಯಬೇಕು. ಕೊಂಡ ಔಷಧದ ಮೇಲೆ ಅನುಮಾನವಿದ್ದರೆ 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ನಿಗದಿತ ಶುಲ್ಕ ಕಟ್ಟಿ ಯಾರು ಬೇಕಾದರೂ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಮುಂದಿನ ತಿಂಗಳ ಪಟ್ಟಿ ಬಂದಾಗ ತಾವೂ ಹೆಸರಿನ ಪಕ್ಕ ಬ್ಯಾಚ್ ನಂಬರ್ ಅಚ್ಚು ಹಾಕಬೇಕಾಗಿ ಕೋರಿಕೆ.

– ಕೆಲವು ಫಾರ್ಮಸಿಸ್ಟ್‌ಗಳು, ಬೆಳಗಾವಿ