ಯಂತ್ರ ಬದಲಿಸುವ ಮೊದಲು ಕಡತ ಬಿಡಿಸಿಕೋ

ರಾಯಚೂರು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಗಂಗಾವತಿಯಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಅಂಗಡಿಯ ನಾಲ್ಕೂ ಕಂಪ್ಯೂಟರುಗಳಿಗೆ ಯುಗಾದಿಯೊಳಗೆ ವಿಂಡೋಸ್ ತೆಗೆಸಿ, ಅದರ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ತಂತ್ರಾಂಶವನ್ನು ಹಾಕಿಸಬೇಕೆಂದಿರುವುದಾಗಿ ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ನಿನ್ನ ತಂದೆ ಕೊಂಡ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಸಾಲುವುದಿಲ್ಲ, ಕಳ್ಳಪ್ರತಿ ಹಾಕಿಕೊಂಡು ದುಡಿಯಲು ನಿನ್ನ ಮನಸ್ಸು ಒಪ್ಪುವುದಿಲ್ಲ. ಮೂರೂ ಒಪ್ಪತಕ್ಕ ಕಾರಣಗಳೇ, ಅದರಲ್ಲೂ ಮೂರನೆಯದನ್ನು ಕೇಳಿ ನನಗೆ ಬಹಳ ಸಂತೋಷವಾಯಿತು. ನಿನ್ನನ್ನು ತಡೆಯುವ ಉದ್ದೇಶ ನನಗಿಲ್ಲ. ಮೂವತ್ತು ವರ್ಷ ಡಿಟಿಪಿ ಅಂಗಡಿ ನಡೆಸಿದವನಾಗಿ ಒಂದೇ ಮಾತನ್ನು ಒತ್ತಿ ಹೇಳಬೇಕಾಗಿದೆ: ಯಂತ್ರಗಳ ತಂತ್ರಾಂಶವನ್ನು ಬದಲಿಸುವ ಮೊದಲು ಅವುಗಳಲ್ಲಿರುವ ಕಡತಗಳನ್ನು ಹಳೆಯ ತಂತ್ರಾಂಶದ ಹಿಡಿತದಿಂದ ಬಿಡಿಸಿಕೊಳ್ಳಬೇಕು. ಈ ಕೆಲಸ ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಆಗಬೇಕು, ಆಮೇಲೆ ಆಗುವುದಿಲ್ಲ.

ಇದನ್ನು ನಾನು ಕಲಿತದ್ದು ನಷ್ಟ ಮಾಡಿಕೊಂಡು. ಅಂಗಡಿ ಹಾಕಿದ ಹೊಸದರಲ್ಲಿ ಕನ್ನಡ ಅಚ್ಚಿಗೆಂದು ಒಂದು ತಂತ್ರಾಂಶವನ್ನು ಸಾಲ ಮಾಡಿ ಕೊಂಡಿದ್ದೆ. ಪ್ರಿಂಟರಿನ ತಂತಿ ಸಿಕ್ಕಿಸುವ ಕಡೆ ಬೆಂಕಿಪೊಟ್ಟಣದಷ್ಟು ದೊಡ್ಡ ಡಾಂಗಲ್ ಚುಚ್ಚಿದರೆ ಮಾತ್ರ ಅದು ತೆರೆಯುತ್ತಿತ್ತು. ಮಾನ್ವಿ ಕಡೆಯ ವೃದ್ಧ ಶಿಕ್ಷಕರೊಬ್ಬರು ಊರೂರು ಅಲೆದು ಕೂಡಿಸಿದ ದಾಸರ ಪದಗಳನ್ನೂ ತತ್ವಪದಗಳನ್ನೂ ಅದರಲ್ಲೇ ಜೋಡಿಸಿ ಕೊಟ್ಟಿದ್ದೆ. ಕೆಲವು ವರ್ಷಗಳ ಮೇಲೆ ಆ ಡಾಂಗಲ್ ಕೆಟ್ಟಿತು. ತಯಾರಿಸಿದವರು ಅಷ್ಟರಲ್ಲಿ ಆ ವ್ಯವಹಾರವನ್ನೇ ಬಿಟ್ಟಿದ್ದರು. ಪದಗಳಿದ್ದ ಕಡತಗಳು ಡಿಸ್ಕಿನಲ್ಲಿ ಹಾಗೆಯೇ ಇದ್ದವು, ಅವುಗಳ ಹೆಸರು ಕಾಣುತ್ತಿತ್ತು, ಗಾತ್ರವೂ ಕಾಣುತ್ತಿತ್ತು, ಆದರೆ ತೆರೆಯಬಲ್ಲ ಸಾಧನ ಯಾವುದೂ ನನ್ನ ಬಳಿ ಇರಲಿಲ್ಲ. ಎರಡನೇ ಮುದ್ರಣಕ್ಕೆಂದು ಬಂದ ಆ ಹಿರಿಯರ ಮುಂದೆ ನಿಂತು, ನೀವು ಕೂಡಿಸಿದ್ದು ನನ್ನಲ್ಲೇ ಇದೆ ಆದರೆ ಕೊಡಲಾರೆ ಎಂದು ಹೇಳಬೇಕಾದ ಆ ಮಧ್ಯಾಹ್ನ ನನಗೆ ಇಂದಿಗೂ ಮರೆತಿಲ್ಲ. ಕೊನೆಗೆ ಮಾಸಿದ ಪ್ರೂಫ್ ಹಾಳೆಗಳನ್ನು ಹುಡುಕಿ ತೆಗೆದು, ಅಷ್ಟನ್ನೂ ಮತ್ತೆ ಟೈಪ್ ಮಾಡಿದೆ.

ವರ್ಡ್ ಕಡತಗಳು ಲಿನಕ್ಸ್‌ನಲ್ಲಿ ವರ್ಡ್, ಎಕ್ಸೆಲ್‌ಗಳ ಬದಲು ಬಳಸುವ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತವೆಯೇ ಎಂದು ನೀನು ಚಿಂತಿಸುತ್ತಿದ್ದೀಯೆ. ಅವು ತೆರೆಯುತ್ತವೆ. ನಿನ್ನ ಅಂಗಡಿಯ ನಿಜವಾದ ತೊಡಕು ಇರುವುದು ಅಕ್ಷರಗಳಲ್ಲಿ. ನಿನ್ನ ತಂದೆಯ ಕಾಲದ ಖರೀದಿ ಪತ್ರಗಳು, ಕರಾರು ಪತ್ರಗಳು, ಲಗ್ನಪತ್ರಿಕೆಗಳೆಲ್ಲ ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳ ಪದ್ಧತಿಯಲ್ಲಿ ಕಡತದೊಳಗೆ ಉಳಿಯುವುದು ಕನ್ನಡವೇ ಅಲ್ಲ. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದ ಕಡತವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದು ನೋಡು: ಮೊದಲು ಇಂಗ್ಲಿಷಿನ ಪಿ, ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟುಳ್ಳ ಎ, ಆಮೇಲೆ ಪೌಂಡ್ ಹಣದ ಗುರುತು, ಮತ್ತೆ ಅದೇ ಎ, ಹೀಗೆ ಕಾಣುತ್ತದೆ. ಫಾಂಟು ಆ ಗುರುತುಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸುತ್ತಿತ್ತು, ಅಷ್ಟೇ. ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಯುನಿಕೋಡ್ ಎಂಬ ಅಕ್ಷರಸಂಕೇತ ಪದ್ಧತಿಯಲ್ಲಾದರೆ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆಯಿದೆ. ಆದುದರಿಂದ ಯಾವ ಯಂತ್ರದಲ್ಲಿ, ಯಾವ ಯುನಿಕೋಡ್ ಫಾಂಟಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಇರುತ್ತದೆ, ಹುಡುಕಿದರೆ ಸಿಗುತ್ತದೆ.

ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳು ನುಡಿ, ಬರಹ ಎರಡರ ಜೊತೆಗೂ ಬರುತ್ತವೆ. ಅವು ವಿಂಡೋಸ್‌ನಲ್ಲಿ ನಡೆಯುವಂಥವಾದ್ದರಿಂದ ಈ ಕೆಲಸವನ್ನು ಈಗಲೇ, ಹಳೆಯ ಯಂತ್ರ ಚಾಲೂ ಇರುವಾಗಲೇ ಮಾಡು. ಎಲ್ಲಕ್ಕಿಂತ ಮೊದಲು ಮೂಲ ಕಡತಗಳ ಸಂಪೂರ್ಣ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದು, ಅದನ್ನು ಅಂಗಡಿಯಲ್ಲಿಡದೆ ಮನೆಯಲ್ಲಿಡು. ಪರಿವರ್ತಕ ಕೊಟ್ಟದ್ದನ್ನು ಕಣ್ಣು ಮುಚ್ಚಿ ನಂಬಬೇಡ. ಅದು ಹೆಚ್ಚಾಗಿ ಎಡವುವುದು ಅರ್ಕಾವೊತ್ತಿನಲ್ಲಿ. ‘ವರ್ಷ’ ಎಂದು ಬರೆಯುವಾಗ ಅರ್ಕಾವೊತ್ತು ಕಣ್ಣಿಗೆ ಷಕಾರದ ಆಚೆ ಕಾಣುತ್ತದೆ, ಹಳೆಯ ಫಾಂಟುಗಳು ಅದನ್ನು ಅದೇ ಕ್ರಮದಲ್ಲಿ ಇಡುತ್ತಿದ್ದವು. ಯುನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ರಕಾರವನ್ನೇ ಮೊದಲು ಇಡುತ್ತದೆ. ಈ ಹಿಂದುಮುಂದು ಮಾಡುವಾಗ ಪರಿವರ್ತಕ ತಪ್ಪಿದರೆ ಪದ ಕೆಡುತ್ತದೆ. ಎರಡನೆಯದಾಗಿ, ಕನ್ನಡದ ನಡುವೆ ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಹೆಸರುಗಳನ್ನೂ ಅದು ಹಳೆಯ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಬಹುದು. ಲಗ್ನಪತ್ರಿಕೆಯಲ್ಲಿ ಇಂಥ ತಪ್ಪು ನುಸುಳಿದರೆ ಮುಜುಗರವಷ್ಟೇ, ಖರೀದಿ ಪತ್ರದ ಚಕ್ಕುಬಂದಿಯಲ್ಲಿ ನುಸುಳಿದರೆ ಅದು ಒಬ್ಬರ ಹೊಲದ ಮಾತು. ಆದ್ದರಿಂದ ದಸ್ತಾವೇಜುಗಳನ್ನು ಪರಿವರ್ತಿಸಿದಾಗ ಹಳೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟು, ಒಬ್ಬರು ಓದಿ ಇನ್ನೊಬ್ಬರು ನೋಡಿ ಸಾಲುಸಾಲಾಗಿ ತಾಳೆ ಹಾಕಬೇಕು. ಎಲ್ಲವನ್ನೂ ಒಮ್ಮೆಗೇ ಮಾಡಹೋಗಬೇಡ. ಮೊದಲು ಹತ್ತು ಕಡತ ಮಾಡಿ ನೋಡು, ಯಾವ ತಪ್ಪು ಮರುಕಳಿಸುತ್ತದೆ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ.

ಇನ್ನು ವರ್ಡ್ ಕಡತಗಳ ಮಾತು. ವರ್ಡ್‌ನ ಡಾಕ್ಸ್ ಕಡತವಾಗಲಿ, ಲಿಬ್ರೆಆಫೀಸ್‌ನ ಓಡಿಟಿ ಕಡತವಾಗಲಿ, ಎರಡೂ ಜಿಪ್ ಮಾಡಿದ ಗಂಟುಗಳೇ. ಒಂದು ಓಡಿಟಿ ಕಡತದ ನಕಲು ತೆಗೆದು, ಹೆಸರಿನ ಕೊನೆಯನ್ನು ಜಿಪ್ ಎಂದು ಬದಲಿಸಿ ಬಿಚ್ಚಿ ನೋಡು. ಒಳಗೆ ‘ಕಂಟೆಂಟ್’ ಎಂಬ ಎಕ್ಸ್‌ಎಂಎಲ್ ಕಡತದಲ್ಲಿ ನೀನು ಟೈಪ್ ಮಾಡಿದ ಕನ್ನಡವೇ ಓದಲು ಸಿಗುತ್ತದೆ. ನನ್ನ ಡಾಂಗಲ್ ಕಾಲದ ಕಡತಗಳಿಗೆ ಇಲ್ಲದಿದ್ದ ಭಾಗ್ಯ ಇದು: ನಾಳೆ ಲಿಬ್ರೆಆಫೀಸ್ ಇಲ್ಲವಾದರೂ ಬರಹ ಕೈತಪ್ಪುವುದಿಲ್ಲ. ಓಡಿಟಿ ಸೇರಿರುವ ಓಡಿಎಫ್ ಎಂಬ ನಮೂನೆ 2006ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು, ಡಾಕ್ಸ್ ಸೇರಿರುವ ಮೈಕ್ರೋಸಾಫ್ಟ್ ನಮೂನೆ 2008ರಲ್ಲಿ ಆಯಿತು. ಎರಡರ ವಿವರಣೆಯೂ ಬಹಿರಂಗವಾಗಿದ್ದರೂ ಒಂದರ ಪುಟಕಟ್ಟು ಇನ್ನೊಂದರಲ್ಲಿ ಕೂದಲೆಳೆಯೂ ಸರಿಯದಂತೆ ಬರುತ್ತದೆಂದು ನಿರೀಕ್ಷಿಸಬಾರದು. ಒಂದೇ ಪತ್ರವನ್ನು ಡಾಕ್ಸ್‌ಗೂ ಓಡಿಟಿಗೂ ಹತ್ತಾರು ಬಾರಿ ಹೊರಳಿಸಿದಷ್ಟೂ ಕೋಷ್ಟಕಗಳು, ಅಂಚುಗಳು ಕೆಡುತ್ತಾ ಹೋಗುತ್ತವೆ. ನಿನ್ನ ಮೂಲಪ್ರತಿ ಯಾವಾಗಲೂ ಓಡಿಟಿಯಲ್ಲಿರಲಿ. ಗಿರಾಕಿ ಕೇಳಿದರೆ ಅದರಿಂದ ಡಾಕ್ಸ್ ಪ್ರತಿ ತೆಗೆದು ಕೊಡು. ಬರೀ ಓದಲು, ಮುದ್ರಿಸಲು ಬೇಕಾದವರಿಗೆ ಪಿಡಿಎಫ್ ಕೊಡು. ಪಿಡಿಎಫ್ ಮಾಡುವಾಗ ಮೂಲ ಓಡಿಎಫ್ ಕಡತವನ್ನೂ ಅದರೊಳಗೇ ಸೇರಿಸುವ ಆಯ್ಕೆ ಲಿಬ್ರೆಆಫೀಸ್‌ನಲ್ಲಿದೆ. ಅದನ್ನು ಬಳಸಿದರೆ ಆ ಪಿಡಿಎಫ್ ಅನ್ನೇ ಮುಂದೆ ತೆರೆದು ತಿದ್ದಬಹುದು.

ಬೇರೆಯವರು ತಂದ ಡಾಕ್ಸ್‌ನಲ್ಲಿ ಎರಡು ಪುಟದ್ದು ಮೂರು ಪುಟವಾಗಿ ಕಂಡರೆ ಗಾಬರಿಯಾಗಬೇಡ, ಬಹುತೇಕ ಅದು ಫಾಂಟಿನ ಕಾರಣದಿಂದ ಆಗಿರುತ್ತದೆ. ಇಂಗ್ಲಿಷಿಗೆ ಕ್ಯಾಲಿಬ್ರಿಯ ಅಳತೆಗೇ ಮಾಡಿದ ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್ ಅಳತೆಗೆ ಮಾಡಿದ ಲಿಬರೇಷನ್ ಸೆರಿಫ್ ಎಂಬ ಮುಕ್ತ ಫಾಂಟುಗಳಿವೆ, ಅವನ್ನು ಹಾಕಿಕೊಂಡರೆ ಸಾಲುಗಳು ಬಹುಮಟ್ಟಿಗೆ ಅಲುಗುವುದಿಲ್ಲ. ಕನ್ನಡದಲ್ಲಿ ಮಾತ್ರ ವಿಂಡೋಸ್‌ನ ತುಂಗಾ ಫಾಂಟಿನ ಜಾಗಕ್ಕೆ ನೋಟೋ ಎಂಬ ಮುಕ್ತ ಫಾಂಟು ಬಂದು ಕುಳಿತರೆ ಅಕ್ಷರಗಳ ಅಗಲ ಬದಲಾಗಿ ಸಾಲು ಮುರಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಲಿಬ್ರೆಆಫೀಸ್ ಕನ್ನಡದಂಥ ಲಿಪಿಗಳ ಫಾಂಟನ್ನೂ ಗಾತ್ರವನ್ನೂ ಇಂಗ್ಲಿಷಿನಿಂದ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಶೈಲಿಯಲ್ಲಿ ಇಂಗ್ಲಿಷಿನ ಗಾತ್ರವನ್ನಷ್ಟೇ ಬದಲಿಸಿ ಕನ್ನಡ ಏಕೆ ಬದಲಾಗಲಿಲ್ಲವೆಂದು ಒಂದು ವಾರ ತಲೆ ಕೆಡಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಟೈಪಿಂಗ್ ಬಗ್ಗೆ ಚಿಂತೆ ಬೇಡ. ನುಡಿಯಲ್ಲಿ ನಿನ್ನ ಬೆರಳುಗಳಿಗೆ ರೂಢಿಯಾದ ಕಗಪ ವಿನ್ಯಾಸವೇ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೂ ಇದೆ.

ಆದರೆ ನಾಲ್ಕು ಯಂತ್ರಗಳನ್ನೂ ಬದಲಿಸಬೇಡ, ಮೂರನ್ನು ಬದಲಿಸು. ಭತ್ತದ ಮಿಲ್ಲಿನವರು ನಿನಗೆ ಕೊಡುವ ಟ್ಯಾಲಿ ಲೆಕ್ಕದ ಕೆಲಸ ವಿಂಡೋಸ್ ಅನ್ನೇ ಬೇಡುತ್ತದೆ. ಅವರ ಆವಕ, ಚೀಲ, ತೂಕದ ಎಕ್ಸೆಲ್ ಹಾಳೆಗಳು ಲಿಬ್ರೆಆಫೀಸ್‌ನ ಕ್ಯಾಲ್ಕ್‌ನಲ್ಲಿ ತೆರೆದರೂ, ಅವುಗಳಲ್ಲಿ ಮ್ಯಾಕ್ರೋಗಳೆಂಬ, ಕೆಲಸವನ್ನು ತಾನಾಗಿ ಮಾಡಿಸುವ ಸಣ್ಣ ಆದೇಶಗಳಿದ್ದರೆ ಕೆಲವು ನಡೆಯುತ್ತವೆ, ಕೆಲವು ನಡೆಯುವುದಿಲ್ಲ. ಒಂದೇ ಹಾಳೆಯ ಮೊತ್ತವನ್ನು ಎರಡೂ ಕಡೆ ನೋಡಿ ಸರಿಹೊಂದಿದ ಮೇಲೆಯೇ ಒಪ್ಪಿಸು. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕಡತಗಳೂ ಹಾಗೆಯೇ. ಲಿಬ್ರೆಆಫೀಸ್‌ನ ಡ್ರಾ ಅವನ್ನು ತೆರೆಯಬಲ್ಲದಾದರೂ ನಿನ್ನ ತಂದೆ ಕಟ್ಟಿದ ಪುಟ ಹಾಗೆಯೇ ನಿಲ್ಲುವ ಭರವಸೆಯಿಲ್ಲ. ಮತ್ತೆ ಮತ್ತೆ ಕೇಳಿಬರುವ ಕಡತಗಳನ್ನಷ್ಟೇ ಆರಿಸಿ, ಪಠ್ಯವನ್ನು ಯುನಿಕೋಡ್‌ಗೆ ತಂದು, ಸ್ಕ್ರೈಬಸ್ ಎಂಬ ಮುಕ್ತ ಪುಟವಿನ್ಯಾಸ ತಂತ್ರಾಂಶದಲ್ಲಿ ಹೊಸದಾಗಿ ಕಟ್ಟು. ಉಳಿದವು ಆ ನಾಲ್ಕನೇ ಯಂತ್ರದಲ್ಲೇ ಇರಲಿ. ಬೆಂಬಲ ನಿಂತ ಯಂತ್ರವಾದ್ದರಿಂದ ಅದಕ್ಕೆ ಇಂಟರ್ನೆಟ್ ಕೊಡಬೇಡ.

ಆ ಮಾನ್ವಿಯ ಹಿರಿಯರ ಪದಗಳನ್ನು ನಾನು ಮತ್ತೆ ಟೈಪ್ ಮಾಡಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ಕಳೆದ ತಿಂಗಳು ಅದನ್ನು ಯುನಿಕೋಡ್‌ಗೆ ಪರಿವರ್ತಿಸಿ ಓಡಿಟಿಯಾಗಿ ಉಳಿಸಿದ್ದೇನೆ. ನಿಮ್ಮ ಊರಿಗೆ ಬರುವ ನಿನ್ನ ದೊಡ್ಡಮ್ಮನ ಕೈಯಲ್ಲಿ ಎರಡೂ ಪ್ರತಿಗಳನ್ನು ಪೆನ್‌ಡ್ರೈವ್‌ನಲ್ಲಿ ಕಳಿಸುತ್ತಿದ್ದೇನೆ. ನಿನ್ನ ಮೊದಲ ಲಿನಕ್ಸ್ ಯಂತ್ರದಲ್ಲಿ ಮೊದಲು ಆ ಓಡಿಟಿಯನ್ನೇ ತೆರೆದು, ಅರ್ಕಾವೊತ್ತುಗಳು ಸರಿಯಾಗಿ ಕಾಣುತ್ತವೆಯೇ, ಪದಗಳ ಸಾಲುಗಳು ಎಲ್ಲಿ ಮುರಿದಿವೆ ಎಂಬುದನ್ನು ನೋಡಿ ನನಗೆ ಬರೆದು ತಿಳಿಸು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ