ನಿನ್ನ ಟಿಕೆಟ್‌ನಲ್ಲಿ ನಾವು

ಪ್ರೀತಿಯ ಪುಟ್ಟಿ,

ಪುಣೆಯಿಂದ ಬರೋಕಾಗಲ್ಲ ಅಂತ ನೀನು ಅಂದಮೇಲೆ, ಇಲ್ಲಿ ಮುಂಬೈಯಲ್ಲಿ ಮೂರು ಬ್ಯಾಂಡ್‌ಗಳ ರಾಕ್ ಕಾರ್ಯಕ್ರಮಕ್ಕೆ ನೀನು ತಗೊಂಡಿದ್ದ ಟಿಕೆಟ್ ಸುಮ್ನೆ ಹಾಳಾಗೋದು ಬೇಡ ಅಂತ ನಾನೂ ಅಪ್ಪನೂ ಹೋಗಿಬಂದೆವು. ಹೇಗಿತ್ತು ಅಂತ ಫೋನಿನಲ್ಲಿ ಕೇಳಿದೆಯಲ್ಲ, ಆಗ ಕುಕ್ಕರ್ ಕೂಗುತ್ತಿತ್ತು. ಈಗ ಬರೀತೀನಿ.

ಏಳಕ್ಕೆ ಅಂತ ಬರೆದಿದ್ದರೆ ಏಳಕ್ಕೇ ಹೋಗುವವರು ನಾವು. ಮಾಟುಂಗಾ ರೋಡಿನಲ್ಲಿ ಸ್ಲೋ ಲೋಕಲ್ ಹತ್ತಿ ಲೋವರ್ ಪರೇಲ್‌ನಲ್ಲಿ ಇಳಿದೆವು. ಹಳೇ ಗಿರಣಿ ಕಾಂಪೌಂಡ್ ಹುಡುಕಿ ಒಳಗೆ ಹೋದರೆ ಜನವೇ ಇಲ್ಲ! ಇದ್ದ ಇಪ್ಪತ್ತು ಮಂದಿಯಲ್ಲಿ ಅರ್ಧ ಜನ ಆಮೇಲೆ ಬಾರಿಸಬೇಕಾದವರು, ಗಿಟಾರ್ ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದ್ದರು.

ಆ ಮೊದಲನೇ ಬ್ಯಾಂಡೇ ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಬೇಸ್ ಗಿಟಾರ್ ಬಾರಿಸುತ್ತಿದ್ದ ಹುಡುಗಿಗೆ ನಿನಗಿಂತ ಚಿಕ್ಕ ವಯಸ್ಸು. ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು. ಒಂದು ಹಾಡಿನ ನಡುವೆ ಸ್ಟ್ರಾಪ್ ಕಳಚಿತು. ಗಿಟಾರನ್ನು ಮೊಣಕಾಲ ಮೇಲೆ ತಡೆದುಕೊಂಡು ಹಾಗೇ ಬಾರಿಸಿದಳು, ತಾಳ ಒಂಚೂರೂ ತಪ್ಪಲಿಲ್ಲ. ನಮ್ಮೂರಿನ ಯಕ್ಷಗಾನದ ಆಟದಲ್ಲಿ ಬಾಲಗೋಪಾಲರು ಕುಣಿಯುವಾಗಲೂ ಹೀಗೇ, ಜನ ಇನ್ನೂ ಚಾಪೆ ಹಾಸ್ತಾ ಇರ್ತಾರೆ. ಕಲಿಯುವವರ ಕುಣಿತ ಮುಗಿದ ಮೇಲೇ ಸಭೆ ತುಂಬೋದು.

ಎರಡನೇ ಬ್ಯಾಂಡ್ ಬರುವ ಮೊದಲು ಇಪ್ಪತ್ತು ನಿಮಿಷ ಸಾಮಾನು ಬದಲಾಯಿಸಿದರು. ಎಲ್ಲರೂ ಮೊಬೈಲ್ ನೋಡ್ತಾ ಇದ್ದರು, ನಾನು ಸ್ಟೇಜ್ ನೋಡ್ತಾ ಇದ್ದೆ. ಡ್ರಮ್ಸ್ ಮೂರೂ ಬ್ಯಾಂಡ್‌ಗೂ ಒಂದೇ, ಆದರೆ ಸ್ನೇರ್ ಅನ್ನೋ ಚಿಕ್ಕ ಡ್ರಮ್, ಸಿಂಬಲ್ ಅನ್ನೋ ತಟ್ಟೆಗಳು, ಕಾಲಿನ ಪೆಡಲ್ ಮಾತ್ರ ಅವರವರೇ ತರಬೇಕಂತೆ. ಸೌಂಡ್ ಹುಡುಗನನ್ನು ಮಾತಾಡಿಸಿದೆ. ಸೌಂಡ್‌ಚೆಕ್, ಅಂದರೆ ಶುರುವಾಗೋ ಮೊದಲು ಬಾರಿಸಿ ಶಬ್ದ ಸರಿಮಾಡಿಕೊಳ್ಳೋದು, ಉಲ್ಟಾ ನಡೆಯುತ್ತದಂತೆ. ಕೊನೆಗೆ ಬಾರಿಸುವವರದು ಮೊದಲು, ಮೊದಲು ಬಾರಿಸುವವರದು ಕೊನೆಗೆ. ಆಗ ಮೊದಲು ಬಾರಿಸುವವರ ಸಾಮಾನು ಸ್ಟೇಜಿನ ಮೇಲೇ ಇರುತ್ತದೆ, ಮತ್ತೆ ಜೋಡಿಸಬೇಕಿಲ್ಲ. ಬುದ್ಧಿವಂತಿಕೆ, ಅಲ್ವಾ?

ಎರಡನೆಯವರ ಬಗ್ಗೆ ಜಾಸ್ತಿ ಹೇಳಲ್ಲ. ಬರೀ ಗದ್ದಲ, ಒಂದು ಪದವೂ ಕೇಳಲಿಲ್ಲ. ಅಪ್ಪನ ಮೊಬೈಲ್ ಶಬ್ದ ಅಳೆದು 102 ಡೆಸಿಬೆಲ್ ತೋರಿಸಿತು. ಕೆಲಸದ ಜಾಗದಲ್ಲಿ 85 ಡೆಸಿಬೆಲ್ ಶಬ್ದವಾದರೆ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದು ಅಂತ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಷ್ ಸಂಸ್ಥೆಯ ಲೆಕ್ಕ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. ಅಂದರೆ 100ಕ್ಕೆ ಬರೀ ಕಾಲು ಗಂಟೆ! ನೀನು ತಿಂಗಳಿಗೆ ಎಷ್ಟು ಸಲ ಹೋಗ್ತೀಯೋ ನಾನು ಕೇಳಲ್ಲ, ಇಯರ್‌ಪ್ಲಗ್ ಮಾತ್ರ ಹಾಕಿಕೋ. ಹತ್ತಿ ಸಾಲದು. ಅಪ್ಪ ಇಟ್ಟುಕೊಂಡು ನೋಡಿದರು.

ಮೂರನೆಯವರ ಹೊತ್ತಿಗೆ ಕಾಲಿಡಲು ಜಾಗವಿರಲಿಲ್ಲ. ಚೆನ್ನಾಗಿ ಹಾಡಿದರು. ಅವರ ಹಾಡುಗಳನ್ನು ಜನ ಬಾಯಿಪಾಠ ಹೇಳ್ತಾ ಇದ್ದರು. ಅಪ್ಪನಿಗೆ ಆಶ್ಚರ್ಯವಾಗಿದ್ದು ಅದೇ. 1986ರಲ್ಲಿ ಧೋಬಿ ತಲಾವ್‌ನ ರಂಗಭವನದಲ್ಲಿ ಇಂಡಿಪೆಂಡೆನ್ಸ್ ರಾಕ್ ಅನ್ನೋ ರಾಕ್ ಸಂಗೀತೋತ್ಸವ ಶುರುವಾದಾಗ ಅವರು ಫೋರ್ಟ್‌ನಲ್ಲಿ ಕೆಲಸದಲ್ಲಿದ್ದರು. ಆಗೆಲ್ಲ ಜನ ಕೇಳುತ್ತಿದ್ದದ್ದು ಹೊರದೇಶದ ಹಾಡುಗಳನ್ನೇ ಅಂತೆ. ಸ್ವಂತ ಹಾಡು ಹಾಡ್ತೀವಿ ಅಂತ ನಿಂತವರಲ್ಲಿ ರಾಕ್ ಮಷೀನ್ ಬ್ಯಾಂಡ್ ಒಂದು, ಆಮೇಲೆ ಇಂಡಸ್ ಕ್ರೀಡ್ ಅಂತ ಹೆಸರು ಬದಲಾಯಿಸಿಕೊಂಡರಲ್ಲ, ಅವರೇ. ರಂಗಭವನ ಬಯಲು ಸಭಾಂಗಣ, ಪಕ್ಕದಲ್ಲೇ ಆಸ್ಪತ್ರೆ, ಕಾಲೇಜು. ಶಬ್ದದ ನಿಯಮ ಬಿಗಿಯಾದ ಮೇಲೆ ಅಲ್ಲಿ ಸಂಗೀತ ಕಚೇರಿಗಳು ನಿಂತುಹೋದವು. ವಾಪಸ್ ರೈಲು ಬರುವವರೆಗೂ ಅಪ್ಪನದು ಇದೇ ಕಥೆ.

ಹೊರಡುವಾಗ ಆ ಬೇಸ್ ಹುಡುಗಿ ಬಾಗಿಲ ಬಳಿ ಮೇಜು ಹಾಕಿ ಟೀ ಶರ್ಟ್ ಮಾರುತ್ತಿದ್ದಳು. ನಿನ್ನ ಅಳತೆಯದು ಒಂದು ತಗೊಂಡೆ. ಅಪ್ಪನಿಗೂ ಒಂದು ಬೇಕಂತೆ, ಎಕ್ಸ್‌ಎಲ್ ಇರಲಿಲ್ಲ. ಆ ಬ್ಯಾಂಡ್ ಪುಣೆಗೂ ಬರ್ತಿದೆ ಅಂದಳು. ನೀನು ಹೋಗ್ತೀಯಾದರೆ ಏಳಕ್ಕೇ ಹೋಗು. ಅಪ್ಪನ ಎಕ್ಸ್‌ಎಲ್ ಮರೀಬೇಡ.

ನಿನ್ನ,
ಅಮ್ಮ