ಭಾನುವಾರದ ಹೆಣಿಗೆ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ಹಾಸನದ ಮಹಾರಾಜ ಪಾರ್ಕಿನಲ್ಲಿ ಸೇರೋಣ. ಮಳೆ ಬಂದರೆ ನಮ್ಮ ಮನೆಯ ಜಗಲಿ ಇದ್ದೇ ಇದೆ.

ವಿಡಿಯೊ ನೋಡಿ ಹೆಣೆಯುವವರು ಅದು ಅಮೆರಿಕದ್ದೋ ಬ್ರಿಟನ್ನಿನದೋ ಎಂದು ಮೊದಲು ನೋಡಿಕೊಳ್ಳಿ. ಕ್ರೋಶಾದಲ್ಲಿ, ಅಂದರೆ ನಮ್ಮ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ, ಒಂದೇ ಹೆಣಿಗೆಗೆ ಇಬ್ಬರದೂ ಬೇರೆ ಹೆಸರು: ಬ್ರಿಟನ್ನಿನವರ ಡಬಲ್ ಕ್ರೋಶಾ ಎಂದರೆ ಅಮೆರಿಕದವರ ಸಿಂಗಲ್ ಕ್ರೋಶಾ. ಇದು ತಿಳಿಯದೆ ಮೊಮ್ಮಗಳಿಗೆಂದು ಹೆಣೆದ ಟೋಪಿ ಈಗ ಐದು ಲೀಟರ್ ಕುಕ್ಕರಿಗೆ ಸರಿಯಾಗಿ ಕೂರುತ್ತಿದೆ!

ಸಾಲು ಎಣಿಸುವ ಆ್ಯಪ್ ಬೇಕೆಂದವರು ಮೊಬೈಲ್ ಚಾರ್ಜ್ ಮಾಡಿಕೊಂಡು ಬನ್ನಿ. ಎಕ್ಸೆಲ್‌ನಲ್ಲಿ ಚೌಕಕ್ಕೊಂದು ಹೆಣಿಗೆಯಂತೆ ಬಣ್ಣ ತುಂಬಿದ ನನ್ನ ಆನೆಯ ನಮೂನೆಯನ್ನೂ ತರುತ್ತೇನೆ. ಸೊಂಡಿಲು ಇನ್ನೂ ನಲ್ಲಿಯ ಪೈಪಿನಂತಿದೆ, ತಿದ್ದಿಕೊಡಿ. 4 ಮಿ.ಮೀ. ಕಡ್ಡಿ ಸಾಕು. ಹೊಸಬರು ಕಪ್ಪು ದಾರ ತರಬೇಡಿ, ಕುಣಿಕೆಯೇ ಕಾಣುವುದಿಲ್ಲ.

ಬರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ. ಚಕ್ಕುಲಿ ಲೆಕ್ಕ ಹಾಕಬೇಕು.